ದೇವರಿಗಿಟ್ಟ ಮೊದಲ ಪೀಸು

ಬೇನಜೀರ ನಮ್ಮ ಓಣಿಯವಳು. ಹಾವೇರಿಯಲ್ಲಿ ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದು ಮೋಟು ಗೋಡೆ. ಆ ಗೋಡೆಯ ಮೇಲಿಂದ ಎಷ್ಟೋ ವರ್ಷಗಳಿಂದ ಹೆಪ್ಪು, ಕರಿಬೇವು, ಹಬ್ಬದ ಸಿಹಿ ಆಚೆ ಈಚೆ ಓಡಾಡಿವೆ. ಇಲ್ಲಿ ಬರೆಯುತ್ತಿರುವುದನ್ನು ಅವಳು ನನಗೆ ಒಂದೇ ಸಲ ಕೂತು ಹೇಳಿದ್ದಲ್ಲ. ಬಟ್ಟೆ ಒಣಹಾಕುವಾಗ ಒಂದಿಷ್ಟು, ಕೊತ್ತಂಬರಿ ಸೋಸುವಾಗ ಒಂದಿಷ್ಟು ಹೇಳಿದಳು. ಹೆದರಿದ ಮನುಷ್ಯರು ಹಾಗೆಯೇ ಹೇಳುತ್ತಾರೆ. ಅವರು ನಡುವೆ ಮಾತು ನಿಲ್ಲಿಸಿದಾಗ ‘ಮುಂದೇನಾತು’ ಅಂತ ಕೇಳಬಾರದು. ಸುಮ್ಮನೆ ಕೊತ್ತಂಬರಿ ಸೋಸುತ್ತಿರಬೇಕು.

ಅವಳ ತಂದೆ ಯೂಸುಫಸಾಬರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೂಕದ ಕೆಲಸ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಲ್ಲಿನ ಒಬ್ಬ ವ್ಯಾಪಾರಿ ಇವಳನ್ನು ಕರೆದು ಆಫೀಸಿನಲ್ಲಿ ಕೂರಿಸಿದರು. ಹೊರದೇಶಕ್ಕೆ ಮೆಣಸಿನಕಾಯಿ ಕಳಿಸುವ ಕಾಗದಪತ್ರದ ಕೆಲಸ. ಕೊಳ್ಳುವವರಲ್ಲಿ ಚೀನಾದವರೂ ಇದ್ದರು. ಅವರು ಫೋನಿಗೆ ಕಳಿಸುತ್ತಿದ್ದ ಮಾತುಗಳನ್ನು ಇವಳು ಮತ್ತೆ ಮತ್ತೆ ಹಾಕಿ ಕೇಳಿ, ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಾ ಅದೇ ರಾಗದಲ್ಲಿ ಅಂದುಕೊಳ್ಳುತ್ತಿದ್ದಳು. ನಮ್ಮ ಮನೆಯವರು, ‘ಆ ಹುಡುಗಿ ಬೆಕ್ಕಿನ ಕೂಡ ಜಗಳಾ ಮಾಡಾಕತ್ತಾಳೇನು?’ ಅಂತ ನಗುತ್ತಿದ್ದರು. ನಾಲ್ಕಾರು ವರ್ಷಗಳಲ್ಲಿ ಅವಳಿಗೆ ವ್ಯಾಪಾರಕ್ಕೆ ಬೇಕಾಗುವಷ್ಟು ಚೀನೀ ಭಾಷೆ ಬಂತು.

ಅಷ್ಟರಲ್ಲಿ ನಮ್ಮ ಕಡೆಯ ಕೆಲವು ಸಣ್ಣ ಕಾರ್ಖಾನೆಗಳು ವಿಮಾನದ ಕೆಲಸಕ್ಕೆ ಕೈ ಹಾಕಿದ್ದವು. ಮೊದಲು ಪಂಪು, ಟ್ರ್ಯಾಕ್ಟರಿನ ಬಿಡಿಭಾಗ, ಕಬ್ಬಿನ ಗಾಣ ಮಾಡುತ್ತಿದ್ದವರೇ ಹೊಸ ಯಂತ್ರ ಹಾಕಿಕೊಂಡು, ದೊಡ್ಡ ಕಂಪನಿಗಳು ಕಳಿಸಿದ ನಕ್ಷೆ ನೋಡಿ ಕೂದಲೆಳೆಯಷ್ಟೂ ತಪ್ಪದ ಹಾಗೆ ಲೋಹ ಕೆತ್ತಿ ಕೊಡುತ್ತಿದ್ದರು. ಅವರದೊಂದು ಒಕ್ಕೂಟ ಇತ್ತು. ಚೀನಾದಲ್ಲಿ ವಿಮಾನ ನಿಲ್ದಾಣಗಳು ಹೆಚ್ಚುತ್ತಿವೆ, ಸಾಮಾನು ಎಳೆಯುವ ಗಾಡಿಯ ಗಾಲಿ, ರಿಪೇರಿಯ ಹಿಡಿಕೆ, ಕುರ್ಚಿಯ ಕೊಂಡಿ ಇಂಥವನ್ನು ನಾವೂ ಮಾರಬಹುದು ಅಂತ ಅವರಿಗೆ ಅನಿಸಿತು. ಎರಡೂ ದೇಶಗಳ ನಡುವೆ ವಿಮಾನ ಮತ್ತೆ ಶುರುವಾದ ಮೇಲೆ ಎಲ್ಲರೂ ಕೂಡಿ ಒಂದು ವ್ಯಾಪಾರ ಪ್ರವಾಸ ಹೋಗಿಬರುವುದು, ಅಲ್ಲಿನ ಪ್ರದರ್ಶನದಲ್ಲಿ ಒಂದು ಮಳಿಗೆ ಹಾಕುವುದು ಅಂತ ತೀರ್ಮಾನವಾಯಿತು. ಅದನ್ನು ಹೊಂದಿಸಲು ಚೀನೀ ಬಲ್ಲವರು ಬೇಕಿತ್ತು. ಒಕ್ಕೂಟದ ಕಾರ್ಯದರ್ಶಿ ಚನ್ನೇಶ, ಕರ್ಜಗಿ ರಸ್ತೆಯಲ್ಲಿ ಕಾರ್ಖಾನೆ ಇಟ್ಟಿರುವ ಹುಡುಗ, ಬೇನಜೀರಳ ಮನೆಗೆ ಬಂದು ಕೇಳಿದ.

ಅವಳ ತಾಯಿ ಬಿಸ್ಮಿಲ್ಲಾಬಿ ಚಹಾ ಕೊಟ್ಟು ಕಳಿಸಿ, ಬಾಗಿಲು ಹಾಕಿ, ಮಗಳ ಮುಂದೆ ಕೂತರು.

“ಬೇಟಿ, ವಿಮಾನ ಅಂತಿ, ಚೀನಾ ಅಂತಿ. ಏನರ ಹೆಚ್ಚುಕಮ್ಮಿ ಆದ್ರ ಪೇಪರಿನಾಗ ಚನ್ನೇಶನ ಹೆಸರು ಮೊದಲ ಬರೂದಿಲ್ಲ. ನಿಂದ ಬರ್ತೈತಿ.”

“ಗಾಡಿ ಗಾಲಿ ಮಾರಾಕ ಹೊಂಟಾರ ಅಮ್ಮಾ. ಅದರಾಗೇನೈತಿ?”

“ಗಾಲಿಗೆ ಹೆಸರಿಲ್ಲ. ನಿನಗ ಐತಿ.”

ಬೇನಜೀರ ನಕ್ಕುಬಿಟ್ಟಳು. ಆದರೆ ಆ ಮಾತು ಅವಳ ಬೆನ್ನು ಬಿಡಲಿಲ್ಲ.

ಅವಳು ಕೆಲಸ ಹಚ್ಚಿಕೊಂಡಳು. ಅಲ್ಲಿನ ಕಂಪನಿಗಳಿಗೆ ಬರೆದು ಭೇಟಿ ಗೊತ್ತುಮಾಡಿದಳು. ನಮ್ಮವರ ಕಾರ್ಖಾನೆಗಳ ಪರಿಚಯ ಚೀನೀಯಲ್ಲಿ ಅಚ್ಚು ಹಾಕಿಸಿದಳು. ವೀಸಾಕ್ಕೆ ಆಹ್ವಾನದ ಕಾಗದ ತರಿಸಿದಳು. ಬ್ಯಾಡಗಿಯಲ್ಲಿ ಕಾರ್ಖಾನೆ ಇರುವ ಪರಮೇಶಪ್ಪ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗಕ್ಕೆ ಊರ ಹೆಸರು ಬರೆಸಿದ್ದರು. ಆಹ್ವಾನ ‘ಮಾನ್ಯ ಬ್ಯಾಡಗಿ ಅವರಿಗೆ’ ಅಂತ ಬಂತು. ಅವರು ಅದನ್ನು ಹಿಡಿದುಕೊಂಡು ಪೇಟೆಯ ತುಂಬ ಓಡಾಡಿದರು. “ಇಡೀ ಬ್ಯಾಡಗಿಗೇ ಕರದಾರಪ್ಪಾ. ಯಾರ್ಯಾರು ಬರ್ತೀರಿ, ಲಗೂನ ರೆಡಿ ಆಗ್ರಿ!”

ಹೊರಡುವ ಮೊದಲು ರಾಣೆಬೆನ್ನೂರಿನಲ್ಲಿ ಒಂದು ಸಭೆ ಆಯಿತು. ಬೀಜದ ಅಂಗಡಿಯೊಂದರ ಮೇಲಿನ ಕೋಣೆ. ಅಲ್ಲಿ ಬೇನಜೀರ ಒಂದೇ ವಿಷಯವನ್ನು ಹಲವು ಸಲ ಹೇಳಿದಳು. ದೊಡ್ಡ ಕಂಪನಿಗಳ ನಕ್ಷೆಯ ಪ್ರಕಾರ ಮಾಡಿದ ಯಾವ ಭಾಗವೂ ದೇಶ ದಾಟಬಾರದು. ಅದಕ್ಕೆ ಸರ್ಕಾರದ ಪರವಾನಗಿ ಬೇಕು. ನಮ್ಮಲ್ಲಿ ಅದಿಲ್ಲ. ಪೆಟ್ಟಿಗೆಯಲ್ಲಿ ಕಟ್ಟಿಗೆಯ ಮಾದರಿ, ಗಾಲಿ, ಹಿಡಿಕೆ, ಅಚ್ಚಾದ ಕಾಗದ ಮಾತ್ರ. “ನಾವು ಮಾಡೋ ಭಾಗ ಯಾವ ವಿಮಾನಕ್ಕ ಹೋಗ್ತಾವ ಅಂತ ಅವರು ನಮಗ ಹೇಳಿಲ್ಲ, ನಾವು ಕೇಳಿಲ್ಲ. ಪ್ರವಾಸಿಗರ ವಿಮಾನ ಇರಬಹುದು, ಫೌಜಿನ ವಿಮಾನ ಇರಬಹುದು. ಗೊತ್ತಿಲ್ಲದ್ದು ಒಯ್ಯೂದು ಬ್ಯಾಡ.”

ಆಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದಳು. “ಸ್ಯಾಂಪಲ್ ಏನರ ಇಟ್ಟೀರೇನ್ರಿ?”

ಪರಮೇಶಪ್ಪನವರ ಸರದಿ ಬಂದಾಗ ಅವರು ಅಂಗೈ ಅಗಲಿಸಿ ತೋರಿಸಿದರು. “ಒಂದೂ ಇಲ್ಲ ತಂಗಿ. ಕಾಂತೇಶನಾಣಿ.”

ಅವರು ಆಣೆ ಸುಳ್ಳು ಮಾಡುವ ಮನುಷ್ಯರಲ್ಲ. ಇದು ಅವಳಿಗೂ ಗೊತ್ತಿತ್ತು. ಎಲ್ಲರ ಪರವಾಗಿ ‘ನಿಷಿದ್ಧವಾದ ಯಾವ ಭಾಗವೂ ಇಲ್ಲ’ ಎಂಬ ಕಾಗದಕ್ಕೆ ಬಿಸ್ಮಿಲ್ಲಾ ಅಂದು ಸಹಿ ಹಾಕಿದಳು. ಕಟ್ಟಿಗೆಯ ಪೆಟ್ಟಿಗೆ ಪರಮೇಶಪ್ಪನವರ ಕಾರ್ಖಾನೆಯಲ್ಲೇ ಮೊಳೆ ಹೊಡೆಸಿಕೊಂಡು ಬೆಂಗಳೂರಿಗೆ, ಅಲ್ಲಿ ಸರಕು ಸಾಗಿಸುವ ಏಜೆಂಟರ ಕೈಗೆ ಹೋಯಿತು.

ಮರುದಿನ ಮಧ್ಯಾಹ್ನ ಊಟ ಮಾಡಿಕೊಂಡು ಜನ ಹೊರಟರು. ಬಾಡಿಗೆಯ ಟೆಂಪೊ. ಓಡಿಸುವವನು ಬೇನಜೀರಳ ಚಿಕ್ಕಪ್ಪನ ಮಗ ಜಾಕೀರ್. ಹಾವೇರಿಯಲ್ಲಿ ಅವಳೂ ಚನ್ನೇಶನೂ ಹತ್ತಿದರು, ಬ್ಯಾಡಗಿಯಲ್ಲಿ ಪರಮೇಶಪ್ಪ ಹತ್ತಿದರು. ಉಳಿದವರು ರಾಣೆಬೆನ್ನೂರಿನಲ್ಲಿ ಹತ್ತುವವರಿದ್ದರು. ಬ್ಯಾಡಗಿಯಲ್ಲಿ ಪರಮೇಶಪ್ಪನವರ ಹೆಂಡತಿ ನಾಗಲಕ್ಷ್ಮಿ ಗಾಡಿಯ ಗಾಲಿಗೆ ನಿಂಬೆಹಣ್ಣು ಇಟ್ಟು, ರೊಟ್ಟಿ, ಶೇಂಗಾ ಚಟ್ನಿಯ ಗಂಟುಗಳನ್ನು ತುಂಬಿಸಿ, ಬೇನಜೀರಳ ಕೈ ಹಿಡಿದು, “ತಂಗಿ, ಅಲ್ಲಿ ಹಾವು ಕಪ್ಪಿ ತಿನ್ನಿಸಿಗಿನ್ನಿಸ್ಯಾರು, ಇವರ ತಾಟಿನ ಮ್ಯಾಲ ಕಣ್ಣಿಡು” ಅಂದರು.

“ನಿಮ್ಮ ಯಜಮಾನ್ರು ತಿಂದ್ರ ಕಪ್ಪಿಗೇ ಪಾಪ ರೀ” ಅಂದ ಜಾಕೀರ್.

ಊರು ದಾಟಿದ ಮೇಲೆ ಪರಮೇಶಪ್ಪ ಕದರಮಂಡಲಗಿಯಲ್ಲಿ ಗಾಡಿ ನಿಲ್ಲಿಸಲು ಹೇಳಿದರು. ಕಾಂತೇಶನಿಗೆ, ಅಂದರೆ ಅಲ್ಲಿಯ ಆಂಜನೇಯನಿಗೆ, ಕೈಮುಗಿಯದೆ ಅವರು ಹುಬ್ಬಳ್ಳಿಗೂ ಹೋಗುವವರಲ್ಲ. “ಸಮುದ್ರಾ ಹಾರಿ ಆಚಿ ದೇಶಕ್ಕ ಹೋಗಿ ಬಂದಾವ ಅಂವಾ. ನಮ್ಮ ದಂಧೇದಾಗ ಹಿರಿಯಾ ಅಂವನ.”

ಅವರೂ ಚನ್ನೇಶನೂ ಒಳಗೆ ಹೋದರು. ಬೇನಜೀರ ಹೊರಗೆ ಕಾಯಿ ಅಂಗಡಿಯ ನೆರಳಲ್ಲಿ ನಿಂತು ಪಾಸ್‌ಪೋರ್ಟುಗಳ ಚೀಲವನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡಳು. ಪರಮೇಶಪ್ಪ ಹಣೆಗೆ ಸಿಂಧೂರ ಹಚ್ಚಿಕೊಂಡು, ಒಂದು ತಟ್ಟೆ ಹಿಡಿದು ಹೊರಬಂದರು. ಮುಖ ಮಗುವಿನ ಹಾಗೆ ಅರಳಿತ್ತು.

“ತಂಗಿ, ನಿಮ್ಮಾಗ ಕೈ ಮುಗಿಯೂದು ನಡಿಯೂದಿಲ್ಲ. ಬರೇ ಕಣ್ಣಿಲೆ ನೋಡು, ಸಾಕು.”

ತಟ್ಟೆಯಲ್ಲಿ ಹೂವು, ಅರ್ಧ ಕಾಯಿ. ನಡುವೆ ಬಳೆಯಂಥ ಒಂದು ಲೋಹದ ಉಂಗುರ. ಅದರ ಒಳಸುತ್ತಿನಲ್ಲಿ ಸಣ್ಣ ಹಲ್ಲುಗಳು, ಅಂಚಿನಲ್ಲಿ ಕೊರೆದ ಅಂಕಿ. ಅಂಕಿಯ ಮೇಲೆ ಕುಂಕುಮ ಕೂತಿತ್ತು.

“ಇದೇನ್ರಿ ಕಾಕಾ?”

“ದೇವರ ಪೀಸು. ಹೊಸಾ ಕೆಲಸ ಯಂತ್ರಕ್ಕ ಹಾಕಿದಾಗ ಮೊದಲ ಬರ್ತೈತೆಲ್ಲ, ಅದು ನಮಗಲ್ಲ, ಗಿರಾಕಿಗಲ್ಲ, ದೇವರಿಗೆ. ನಮ್ಮಪ್ಪ ಮೆಣಸಿನಕಾಯಿ ಚೀಲಾ ಬಿಚ್ಚಿದ ಕೂಡಲೇ ಮೊದಲನೇ ಹಿಡಿ ದೇವರ ಜಗಲಿ ಮ್ಯಾಲ ಇಡ್ತಿದ್ದ. ಹಂಗ.”

ಯಂತ್ರ ಹೊಂದಿಸುವಾಗ ಬರುವ ಮೊದಲ ಪೀಸುಗಳನ್ನು ಯಾರೂ ಅಳತೆ ತೆಗೆಯದ ಹಾಗೆ ಗರಗಸದಲ್ಲಿ ತುಂಡು ಮಾಡಿ ಕೆಡಿಸಬೇಕು ಎಂಬುದು ಆ ಕೆಲಸದ ಕಟ್ಟಳೆ. ಬೇನಜೀರ ಅದನ್ನು ಓದಿಕೊಂಡಿದ್ದಳು.

“ಇದನ್ನ ಕತ್ತರಿಸಿ ಹಾಕಬೇಕಿತ್ತಲ್ರಿ!”

“ದೇವರಿಗಿಟ್ಟದ್ದನ್ನ ಗರಗಸಕ್ಕ ಕೊಡ್ಲ್ಯಾ? ಹುಚ್ಚಿ.”

“ನಾ ಕೇಳಿದ್ನೆಲ್ಲ ಕಾಕಾ. ಸ್ಯಾಂಪಲ್ ಇಲ್ಲಂತ ಆಣಿ ಮಾಡಿದ್ರಿ.”

ಪರಮೇಶಪ್ಪನವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ದೇವರಿಗಿಟ್ಟ ಮ್ಯಾಲ ಅದು ಭಾಗ ಅಲ್ಲ, ದೇವರು. ಇದ್ಯಾಕ ಸ್ಯಾಂಪಲ್ ಆದೀತು? ಸ್ಯಾಂಪಲ್ ಅಂದ್ರ ಮಾರೂ ಮಾಲಿನ್ಯಾಗಿಂದ ಒಂದು ಹಿಡಿ ತಗದು ತೋರಸೂದು. ನಿಮ್ಮಪ್ಪ ಅದ ಪೇಟ್ಯಾಗ ತೂಕ ಹಿಡದಾವ, ನಿನಗ ಗೊತ್ತಿಲ್ಲೇನು? ದೇವರ ಹಿಡೀನ ಯಾರರ ಸ್ಯಾಂಪಲ್ ಅಂತಾರ?”

ಗೊತ್ತಿತ್ತು. ಬ್ಯಾಡಗಿಯಲ್ಲಿ ಹಾಗೆ ಯಾರೂ ಅನ್ನುವುದಿಲ್ಲ. ತಾನು ಕೇಳಬಾರದ ಶಬ್ದದಿಂದ ಕೇಳಿದ್ದೆ, ಅವರು ಆ ಶಬ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದರು ಅಂತ ಅವಳಿಗೆ ಆಗ ಹೊಳೆಯಿತು. ಆದರೂ ಎದೆ ಸ್ವಲ್ಪ ಹಗುರಾಯಿತು. ಪೀಸು ಇನ್ನೂ ಕದರಮಂಡಲಗಿಯಲ್ಲೇ ಇತ್ತಲ್ಲ.

“ಹೋಗ್ಲಿ ಬಿಡ್ರಿ, ಸಿಕ್ತು. ಜಾಕೀರನ ಕೈಯಾಗ ತಿರುಗಿ ಮನಿಗೆ ಕಳಸೂಣು.”

“ಕಳಸು. ಆದ್ರ ಇದರ ಜೋಡಿದು ಪೆಟ್ಟಿಗ್ಯಾಗ ಹೋಗೇತಿ ನೋಡು.”

ಬೇನಜೀರ ತಟ್ಟೆಯಿಂದ ಕಣ್ಣೆತ್ತಿ ಅವರ ಮುಖ ನೋಡಿದಳು.

“ದೇವರಿಗೆ ಒಂಟಿ ಇಡ್ತಾರೇನವ್ವಾ? ಎಲಿ ಇಟ್ರ ಎರಡು, ಅಡಿಕಿ ಇಟ್ರ ಎರಡು. ಒಂದು ಪೆಟ್ಟಿಗೀ ಕಾಯಾಕ, ಒಂದು ನನ್ನ ಕೂಡ. ಸಮುದ್ರ ದಾಟೂ ಪೆಟ್ಟಿಗಿ, ದೇವರಿಲ್ಲದ ಹೆಂಗ ಕಳಸಲಿ? ಕಟ್ಟಿಗಿ ಮಾದರಿ ಬುಡಕ ಅರಿವ್ಯಾಗ ಸುತ್ತಿ ಇಟ್ಟೇನಿ. ಯಾರಿಗೂ ಕಾಣೂದಿಲ್ಲ.”

ಕಾಣುವುದಿಲ್ಲ ಎಂಬ ಆ ಮಾತೇ ಅವಳನ್ನು ಹೆಚ್ಚು ಹೆದರಿಸಿತು. ಬುಡದಲ್ಲಿ, ಬಟ್ಟೆ ಸುತ್ತಿ ಇಟ್ಟದ್ದು. ತೆರೆದು ನೋಡಿದವರು ಏನಂದುಕೊಂಡಾರು? ಅದು ಭಕ್ತಿ ಅಂತ ಯಾರು ನಂಬಿಯಾರು? ಮೇಲೆ ಇರುವ ಸಹಿ ಯಾರದು?

ಚನ್ನೇಶ ಅಷ್ಟರಲ್ಲಿ ಬಂದು ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖವೂ ಬೆಳ್ಳಗಾಗಿತ್ತು. ಆದರೆ ಬಾಯಿ ಬೇರೆ ಹೇಳಿತು.

“ಅಕ್ಕಾ, ದನಿ ತಗ್ಗಸ್ರಿ. ಎಲ್ಲಾ ಪೆಟ್ಟಿಗೀನೂ ಬಿಚ್ಚಿ ನೋಡ್ತಾರೇನು? ಅಲ್ಲಿ ಮುಟ್ಟಿದ ಕೂಡಲೇ ನಾವ ಮೊದಲ ತಗದು ಕಿಸೇದಾಗ ಹಾಕ್ಕೊಂಡ್ರಾತು. ವಾಪಸ್ ತಂದ್ರ ಮುಗೀತು.”

“ಇಲ್ಲೇ ಸಿಕ್ಕ್ರ?”

“ಸಿಗೂದಿಲ್ಲ.”

“ಅಲ್ಲಿ ಸಿಕ್ಕ್ರ ಚನ್ನೇಶಾ? ಅವರ ಕೈಯಾಗ ಸಿಕ್ಕು, ಅವರು ಅಳತಿ ತಗದ್ರ? ಇದು ಯಾವ ವಿಮಾನದ್ದು ನಿನಗರ ಗೊತ್ತೈತೇನು?”

ಅವನು ತಟ್ಟೆಯತ್ತ ಬಾಗಿ ಉಂಗುರದ ಮೇಲಿನ ಅಂಕಿ ನೋಡಿದ.

ಅವಳು ಬೆಂಗಳೂರಿನ ಏಜೆಂಟರಿಗೆ ಫೋನು ಹಚ್ಚಿದಳು. ಆತ ಅಲ್ಲಿನ ಕನ್ನಡದಲ್ಲಿ ನಿಧಾನಕ್ಕೆ ಮಾತಾಡಿದ. “ಬಾಕ್ಸ್ ಒಳಗಡೆ ಹೋಗಿದೆ ಮೇಡಂ. ಇವತ್ತು ಸಂಜೆ ವಿಮಾನಕ್ಕೆ ಕೊಡ್ತಾರೆ. ಒಳಗೆ ಹೋದ ಮೇಲೆ ವಾಪಸ್ ಬೇಕು ಅಂದ್ರೆ ಕಸ್ಟಮ್ಸ್‌ನವರಿಗೆ ಕಾರಣ ಬರೆದು ಕೊಡ್ಬೇಕು. ಏನಂತ ಬರೀಲಿ?”

“ಸ್ವಲ್ಪ ತಡೀರಿ, ಹೇಳ್ತೀನಿ.”

ಗಾಡಿ ಹೊರಟಿತು. ಕದರಮಂಡಲಗಿಯಿಂದ ರಾಣೆಬೆನ್ನೂರು ಬಹಳ ದೂರವಿಲ್ಲ. ಜಾಕೀರ್ ಹಾಡು ಹಾಕಲು ಕೈ ಚಾಚಿದವನು ಕನ್ನಡಿಯಲ್ಲಿ ಅಕ್ಕನ ಮುಖ ನೋಡಿ ಕೈ ಹಿಂದೆ ತಗೊಂಡ. ಹೊಲಗಳಲ್ಲಿ ಗೋವಿನಜೋಳ ರಾಶಿ ಮಾಡುತ್ತಿದ್ದರು. ಅವಳಿಗೆ ಕಾಣುತ್ತಿದ್ದದ್ದು ಒಂದೇ. ತಮ್ಮ ಮನೆಯ ಮುಂದೆ ನಿಂತ ಜೀಪು, ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಲ್ಲಿ ನಿಂತ ತಾಯಿ, ಓಣಿಯವರ ಕಣ್ಣು. “ವೈನಿ, ಆಗ ನೀವೂ ನನಗ ಕಂಡ್ರಿ. ಗ್ವಾಡಿ ಮ್ಯಾಲಿಂದ ನೋಡಾಕತ್ತಿದ್ರಿ” ಅಂದಳು ನನಗೆ. “ನೀವು ಏನಂದ್ಕೊಂಡೀರಿ ಅಂತ ನನಗ ತಿಳೀಲಿಲ್ಲ.” ಆ ಮಾತು ಕೇಳಿ ನನಗೆ ಕೊತ್ತಂಬರಿಯ ಮೇಲೆ ಕೈ ಆಡಲಿಲ್ಲ.

ಸುಮ್ಮನಿದ್ದರೆ ಪೆಟ್ಟಿಗೆ ಹೋಗಿಬರಬಹುದಿತ್ತು. ಬಾಯಿ ತೆರೆದರೆ ತಪ್ಪು ತಾನಾಗಿಯೇ ಅವಳ ಹೆಸರಿಗೆ ಬರೆಯಲ್ಪಡುತ್ತಿತ್ತು. ಹಿಂದೆ ಕೂತಿದ್ದ ಪರಮೇಶಪ್ಪ ಒಮ್ಮೆ ಮುಂದೆ ಬಾಗಿ, “ತಂಗಿ, ಇದು ಅಷ್ಟು ಕೆಟ್ಟದ್ದೇನು?” ಅಂತ ಸಣ್ಣ ದನಿಯಲ್ಲಿ ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಆಗ ಅವರು, “ಹಂಗಾರ ನನ್ನ ಹೆಸರು ಹೇಳು. ನೀ ಹೆಣ್ಮಗಳು, ನಿನಗ್ಯಾಕ” ಅಂದರು. ಆ ಮಾತಿನಿಂದ ಅವಳ ಹೆದರಿಕೆ ಕಮ್ಮಿಯಾಗಲಿಲ್ಲ, ಆದರೆ ಮನಸ್ಸು ಗಟ್ಟಿಯಾಯಿತು. ಊರ ಹೊರಗಿನ ಸೇತುವೆ ಬರುವಷ್ಟರಲ್ಲಿ ಮನಸ್ಸಿನಲ್ಲಿ ದುಆ ಓದಿಕೊಂಡು ಏಜೆಂಟರಿಗೆ ಫೋನು ಹಚ್ಚಿದಳು.

“ಬರ್ಕೊಳ್ರಿ. ಪೆಟ್ಟಿಗ್ಯಾಗ ಇರಬಾರದ ವಿಮಾನದ ಭಾಗ ಒಂದು ತಪ್ಪಿ ಸೇರೇತಿ. ಸಹಿ ಮಾಡಿದಾಕಿ ನಾನು. ನಾನ ತಡೀರಿ ಅನ್ನಾಕತ್ತೇನಿ.”

ಏಜೆಂಟ್, “ಯೋಚನೆ ಮಾಡಿ ಹೇಳ್ತಿದೀರಾ ಮೇಡಂ?” ಅಂದ.

“ಬರೀರಿ” ಅಂದಳು.

ರಾಣೆಬೆನ್ನೂರಿನಲ್ಲಿ ಉಳಿದವರು ಮನೆಮಂದಿಯ ಜೊತೆ ಹಾರ ಹಿಡಿದು ಕಾಯುತ್ತಿದ್ದರು. ಚನ್ನೇಶ ಕೆಳಗಿಳಿದು, “ಪೆಟ್ಟಿಗಿ ಬರೂದಿಲ್ಲ” ಅಂದ. ಕಾರಣ ಅವಳೇ ಹೇಳಿದಳು. ಇಸಾಕಸಾಬ ಎಂಬ ಹಿರಿಯರು, ಅಲ್ಲಿನ ಹಳೆಯ ಕಾರ್ಖಾನೆಯವರು, ಕೈಯಲ್ಲಿದ್ದ ಹಾರವನ್ನು ಬಾನೆಟ್ಟಿನ ಮೇಲೆ ಒಗೆದರು.

“ಮೆಣಸಿನಕಾಯಿ ಕಾಗದಾ ಬರ್ಯಾಕಿ ಕೈಯಾಗ ವಿಮಾನ ಕೊಟ್ರ ಮತ್ತೇನಾದೀತು? ಖಾರ ಎಲ್ಲಾರ ಕಣ್ಣಿಗೂ ಬಿತ್ತು.”

“ಆಕೀದೇನು ತಪ್ಪು ಇಸಾಕಭಾಯಿ?” ಪರಮೇಶಪ್ಪ ಮುಂದೆ ಬಂದರು. “ಇಟ್ಟಾವ ನಾನು.”

“ನೀ ಇಟ್ಟಿ. ಆದ್ರ ಫೋನ್ ಮಾಡಿ ಊರಿಗೆಲ್ಲಾ ಸಾರಿದಾಕಿ ಈಕಿ. ಒಂದು ಮಾತು ನಮ್ಮನ್ನ ಕೇಳಬೇಕೋ ಬ್ಯಾಡೋ?”

ಬೇನಜೀರ ಬಾನೆಟ್ಟಿನ ಮೇಲಿನ ಹಾರ ಎತ್ತಿ ಪಕ್ಕಕ್ಕಿಟ್ಟಳು. ಕೇಳಿದ್ದರೆ ಅವರು ಬೇಡ ಅನ್ನುತ್ತಿದ್ದರು, ತಾನು ಒಪ್ಪಿಬಿಡುತ್ತಿದ್ದೆ ಅಂತ ನನಗೆ ಮಾತ್ರ ಹೇಳಿದ್ದಾಳೆ.

ಸಂಜೆಯವರೆಗೆ ವಾದ ನಡೆದು, ಅಚ್ಚಾದ ಕಾಗದಗಳನ್ನಷ್ಟೇ ಹಿಡಿದು ಉಳಿದವರು ಹೋಗುವುದು ಅಂತ ಆಯಿತು. ಚನ್ನೇಶ ಅವರನ್ನು ಕರೆದುಕೊಂಡು ಹೋದ. ಅಲ್ಲಿಯ ಭೇಟಿಗಳ ಸಮಯ, ಯಾರಿಗೆ ಏನು ಹೇಳಬೇಕು, ಯಾರ ಮುಂದೆ ಏನು ಹೇಳಬಾರದು ಎಲ್ಲವನ್ನೂ ಅವಳು ಅವನ ಫೋನಿಗೆ ತುಂಬಿಕೊಟ್ಟಳು. ತಿಂಗಳುಗಟ್ಟಲೆ ಕಟ್ಟಿದ ಕೆಲಸ ಅವಳಿಲ್ಲದೆ ವಿಮಾನ ಹತ್ತಿತು. ಅವಳೂ ಪರಮೇಶಪ್ಪನೂ ಬೆಂಗಳೂರಿನ ಸರಕು ಕಚೇರಿಯ ಬೆಂಚಿನ ಮೇಲೆ ಕೂತರು. ಉಳಿದ ಒಂದು ಪೀಸನ್ನೂ ಒಯ್ದು ಮೇಜಿನ ಮೇಲೆ ಇಟ್ಟರು.

ಕಸ್ಟಮ್ಸ್ ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿದರು. ಬುಡದಲ್ಲಿ ಹಳದಿ ಬಟ್ಟೆಯ ಗಂಟು. ಅದರಲ್ಲಿ ಉಂಗುರ, ಅರಿಶಿನ, ನಾಲ್ಕು ಅಕ್ಷತೆ ಕಾಳು. ಅವರು ಕನ್ನಡದವರೇ. ಬಹಳ ಹೊತ್ತು ನೋಡಿದರು. ಪರಮೇಶಪ್ಪ ಮೊದಲಿನಿಂದ ಎಲ್ಲ ಹೇಳಿದರು. ಅಪ್ಪ, ಮೆಣಸಿನಕಾಯಿ, ಮೊದಲ ಹಿಡಿ, ಜೋಡಿ. ಅಧಿಕಾರಿಯ ಮುಖ ಸ್ವಲ್ಪ ಸಡಿಲಾಯಿತು.

“ಇದನ್ನ ಪೂಜಾ ಸಾಮಗ್ರಿ ಅಂತ ಬರೆದುಕೊಂಡರೆ ವಿಷಯ ಇಲ್ಲೇ ಮುಗಿಯುತ್ತಮ್ಮ. ಹಾಗೆ ಬರೆಯಲಾ?”

ಬೇನಜೀರ ಪರಮೇಶಪ್ಪನವರನ್ನು ನೋಡಿದಳು. ಅವರ ಕಣ್ಣಲ್ಲಿ ಆಸೆ ಇತ್ತು. ಅವಳಲ್ಲೂ ಇತ್ತು. ಒಂದು ಶಬ್ದ ಅಷ್ಟೇ. ಅದು ಸುಳ್ಳೂ ಅಲ್ಲ. ಪರಮೇಶಪ್ಪ ಹೇಳಿದ ‘ಸ್ಯಾಂಪಲ್ ಇಲ್ಲ’ ಸುಳ್ಳಲ್ಲದ ಹಾಗೆಯೇ ಇದೂ ಸುಳ್ಳಲ್ಲ. ಅದು ನೆನಪಾದದ್ದೇ ತಡ, ಅವಳು ಬೇಡವೆಂದು ತಲೆಯಾಡಿಸಿದಳು.

“ಬ್ಯಾಡ್ರಿ ಸರ್. ಅದು ವಿಮಾನದ ಭಾಗ. ಅದರ ಮ್ಯಾಲ ಕುಂಕುಮ ಐತಿ. ಎರಡೂ ಬರೀರಿ.”

ಅಧಿಕಾರಿ ಎರಡೂ ಬರೆದುಕೊಂಡರು. ವಿಚಾರಣೆ ಆಗುತ್ತದೆ, ಊರು ಬಿಡಬೇಡಿ, ಫೋನು ಬಂದಾಗ ಎತ್ತಿ ಅಂದರು. ಆರ್ಡರು ಕೊಟ್ಟ ದೊಡ್ಡ ಕಂಪನಿಗೂ ತಿಳಿಸಿದರು.

ಆಮೇಲಿನ ದಿನಗಳನ್ನು ನಾನೇ ಕಣ್ಣಾರೆ ನೋಡಿದೆ. ಬೇನಜೀರ ಹಿತ್ತಲಿಗೆ ಬರುವುದು ಕಡಿಮೆಯಾಯಿತು. ಬಂದರೂ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬರುವಳು. ಅದು ಸದ್ದು ಮಾಡಿದರೆ ಕೈಯಲ್ಲಿದ್ದದ್ದು ಬೀಳಿಸುವಳು. ಒಂದು ಬೆಳಿಗ್ಗೆ ನೀರಿನ ಬಿಲ್ಲಿನವನು ಬಾಗಿಲು ಬಡಿದ. ಅವಳು ಒಳಗಿನ ಕೋಣೆಗೆ ಹೋಗಿ ನಿಂತುಬಿಟ್ಟಳು. ಬಿಸ್ಮಿಲ್ಲಾಬಿ ‘ನಾ ಹೇಳಿರಲಿಲ್ಲೇನು’ ಅಂತ ಒಮ್ಮೆಯೂ ಅನ್ನಲಿಲ್ಲ. ತಸ್‌ಬೀಹ್ ಮಣಿಸರ ಹಿಡಿದು ಕೂತಿರುತ್ತಿದ್ದರು. ನಾನೂ ನನ್ನ ದೇವರ ಮುಂದೆ ಸಂಜೆ ಹಚ್ಚುವ ದೀಪಕ್ಕೆ ಅವಳ ಹೆಸರು ಹೇಳುತ್ತಿದ್ದೆ. ಅವರಿಗೆ ಹೇಳಲಿಲ್ಲ.

ಓಣಿಯಲ್ಲಿ ಸಣ್ಣಗೆ ಮಾತು ಹಬ್ಬಿತ್ತು. ಊರ ಅಗಸಿ ಬಾಗಿಲ ಹತ್ತಿರ ಯಾರೋ, “ಚೀನಾಕ್ಕ ಏನೋ ಕಳಸಾಕತ್ತಿದ್ಲಂತ” ಅಂದದ್ದು ನನ್ನ ಕಿವಿಗೂ ಬಿತ್ತು. “ಕಳಸಾಕತ್ತಿದ್ದಿಲ್ಲ, ತಡದ್ಲು” ಅಂದೆ. ಅವರು ನನ್ನನ್ನು ನೋಡಿ, “ನೀವು ಬಾಜೂ ಮನಿಯವ್ರು, ನೀವು ಹಂಗ ಅನ್ನಾವ್ರ” ಅಂದರು.

ಪರಮೇಶಪ್ಪನವರ ಆರ್ಡರು ನಿಂತಿತು. ದೊಡ್ಡ ಕಂಪನಿಯವರು ಒಂದು ಷರತ್ತು ಹಾಕಿದರು. ಕಸ್ಟಮ್ಸ್‌ನವರು ಅಳತೆ, ಚಿತ್ರ ತಗೊಂಡು ಪೀಸುಗಳನ್ನು ತಮಗೆ ಕೊಟ್ಟಿದ್ದಾರೆ. ಅವೆರಡನ್ನೂ, ದೇವರ ಜಗಲಿಯ ಮೇಲೆ ಹಿಂದಿನವು ಇನ್ನು ಎಷ್ಟಿವೆಯೋ ಅಷ್ಟನ್ನೂ, ತಮ್ಮ ಮನುಷ್ಯನ ಕಣ್ಣೆದುರು ಪರಮೇಶಪ್ಪನೇ ಕತ್ತರಿಸಬೇಕು. ಆ ಮೇಲೆ ಮುಂದಿನ ಮಾತು. ಸಾಕ್ಷಿಗೆ ಬೇನಜೀರಳೂ ಬರಬೇಕು. ಅವಳು ಒಬ್ಬಳೇ ಹೋಗಲಾರೆ ಅಂದಳು. ತಾಯಿಗೆ ಮೊಣಕಾಲು ನೋವು, ಹಾಗಾಗಿ ನಾನು ಜೊತೆಗೆ ಹೋದೆ.

ಬ್ಯಾಡಗಿಯ ಆ ಕಾರ್ಖಾನೆ ನಮ್ಮ ಕಡೆಯ ಗೋದಾಮಿನ ಹಾಗೆಯೇ ಇತ್ತು. ಒಳಗೆ ಮಾತ್ರ ನೆಲ ಆರತಿ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಕಂಪನಿಯಿಂದ ಬಂದವನು ಕೈಕಟ್ಟಿ ನಿಂತಿದ್ದ. ಜಗಲಿಯಿಂದ ಇಳಿಸಿದ ಪೀಸುಗಳು ಮೇಜಿನ ಮೇಲೆ ಜೋಡಿ ಜೋಡಿಯಾಗಿ ಕೂತಿದ್ದವು. ಪರಮೇಶಪ್ಪ ಒಂದನ್ನು ಎತ್ತಿ ಗರಗಸದ ಬಾಯಿಗೆ ಕಟ್ಟಿದರು. ಗುಂಡಿಯ ಮೇಲೆ ಬೆರಳಿಟ್ಟರು. ಬೆರಳು ಒತ್ತಲಿಲ್ಲ.

“ಲಗೂ ಮಾಡ್ರಿ” ಅಂದ ಬಂದವನು.

“ಆಗವಲ್ದು.” ಅವರ ಹಣೆಯ ಮೇಲೆ ಬೆವರು. “ನನ್ನ ಕೈ ಕಡೀರಿ ಬೇಕಾರ.”

ಕಂಪನಿಯವನು ಬೇನಜೀರಳ ಕಡೆ ತಿರುಗಿದ. “ಇವರು ಒಲ್ಲೆ ಅಂದ್ರು ಅಂತ ಬರ್ಕೊಳ್ಳಲೇನ್ರಿ? ಬರ್ಕೊಂಡ್ರ ಅದು ನಿಮ್ಮ ವಿಚಾರಣೀಗೂ ಹೋಗತೈತಿ.”

ಬೇನಜೀರ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಉಗುರು ನಾಟುವಷ್ಟು. ಆಗ ಬಾಗಿಲಲ್ಲಿ ನಿಂತಿದ್ದ ನಾಗಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು.

“ಸರೀರಿ ಇತ್ಲಾಗ. ದೊಡ್ಡ ಮನುಷ್ಯಾ! ವರ್ಷಾ ಗಣಪ್ಪನ್ನ ತಂದು ಕೂರಸ್ತೀರಿ, ಕಳಸ್ತೀರೋ ಇಲ್ಲೋ? ಕಳಸೀದ ಮ್ಯಾಲ ನೀರಾಗ ಕರಗಿಸ್ತೀರೋ ಇಲ್ಲೋ? ಆಗ ಅಂವಾ ಮಣ್ಣು. ಇದೂ ಹಂಗ. ಕಳಸೂದು ಮರತು ಕಡ್ಯಾಕ ನಿಂತ್ರ ಕೈ ಹೆಂಗ ಬಂದೀತು?”

ಅವರು ಒದ್ದೆ ಬಟ್ಟೆಯಿಂದ ಒಂದೊಂದೇ ಪೀಸಿನ ಕುಂಕುಮ ಒರೆಸಿದರು. ಕರ್ಪೂರ ಹಚ್ಚಿದರು. ಗರಗಸದ ಮುಂದೆಯೇ ಆರತಿ ಮಾಡಿ, “ಹೋಗಿ ಬಾ ತಂದಿ, ತಪ್ಪು ಹೊಟ್ಟ್ಯಾಗ ಹಾಕ್ಕೋ” ಅಂದರು. ಪೀಸುಗಳನ್ನು ಒಮ್ಮೆ ಸ್ವಲ್ಪ ಅತ್ತ ಸರಿಸಿ ಇಟ್ಟರು, ಗಣಪನನ್ನು ಕದಲಿಸುವ ಹಾಗೆ. ನಾನು ಅರಿವಿಲ್ಲದೆ ಕೈ ಮುಗಿದಿದ್ದೆ. ಬೇನಜೀರ ತಲೆ ತಗ್ಗಿಸಿ ನಿಂತಿದ್ದಳು. ಕಂಪನಿಯಿಂದ ಬಂದವನೂ, ಯಾಕೋ, ಬೂಟು ಬಿಚ್ಚಿ ಪಕ್ಕಕ್ಕಿಟ್ಟಿದ್ದ.

“ಈಗ ಬರೇ ಕಬ್ಬಣ. ಕಡೀರಿ” ಅಂದರು ನಾಗಲಕ್ಷ್ಮಿ.

“ಕಬ್ಬಣ ಅಲ್ಲ, ಟೈಟೇನಿಯಂ” ಅಂದರು ಪರಮೇಶಪ್ಪ, ಮೂಗು ಒರೆಸಿಕೊಳ್ಳುತ್ತಾ.

“ಏನರ ಇರ್ಲಿ, ದೇವರಂತೂ ಅಲ್ಲ.”

ಗರಗಸ ಕೂಗಿತು. ಆ ಕೂಗಿನ ನಡುವೆಯೇ ಬೇನಜೀರಳ ಸೊಂಟದಲ್ಲಿ ಫೋನು ನಡುಗಿತು. ಹೆಸರು ನೋಡಿದಳು. ಬೆಂಗಳೂರಿನ ಅಧಿಕಾರಿ. ಅವಳು ನನ್ನ ಕೈ ಬಿಟ್ಟು ಹೊರಗೆ ಓಡಿದಳು.

ನಾನು ಬಾಗಿಲಿಗೆ ಬಂದು ನೋಡಿದೆ. ಬಿಸಿಲಿನಲ್ಲಿ, ಒಣಹಾಕಿದ ಮೆಣಸಿನಕಾಯಿಯ ಅಂಗಳದ ಅಂಚಿನಲ್ಲಿ, ಬೆನ್ನು ನಮಗೆ ಮಾಡಿ ನಿಂತಿದ್ದಳು. ಮಾತು ಕೇಳಿಸಲಿಲ್ಲ. ಹೂಂ, ಹೂಂ ಅನ್ನುವ ತಲೆ ಮಾತ್ರ ಕಾಣುತ್ತಿತ್ತು. ಗರಗಸ ನಿಂತಿತು. ಪರಮೇಶಪ್ಪನೂ ಬಂದು ನನ್ನ ಪಕ್ಕ ನಿಂತರು.

ಅವಳು ತಿರುಗಿ ಬಂದಳು. ಮುಖ ಬಿಳುಚಿಕೊಂಡಿತ್ತು.

ಪರಮೇಶಪ್ಪ ಎರಡೂ ಕೈಗಳನ್ನು ಜೋಡಿಸಿ ಮುಂದೆ ಚಾಚಿದರು, ಬೇಡಿ ಹಾಕಿಸಿಕೊಳ್ಳುವವರ ಹಾಗೆ. “ಬಂದಾರೇನು? ಮೊದಲ ನನ್ನ ಒಯ್ಯಲಿ. ಆಕೀನ್ನ ಬಿಡ್ರಿ.”

“ಕೈ ಇಳಸ್ರಿ ಕಾಕಾ.” ದನಿ ಒಡೆದಿತ್ತು. “ಕೇಸ್ ಇಲ್ಲಂತ. ಬರ್ದು ಕೊಟ್ಟದ್ದು ಖರೇ ಐತಿ ಅಂತ ಒಪ್ಪ್ಯಾರ. ತಾಕೀತ್ ಮಾಡಿ ಬಿಟ್ಟಾರ.”

ಪರಮೇಶಪ್ಪ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ನಾಗಲಕ್ಷ್ಮಿ ನೀರು ತರಲು ಓಡಿದರು.

“ಮತ್ತ್ಯಾಕ ಹಿಂಗ ನಡಗಾಕತ್ತೀದಿ?” ಅಂತ ನಾನು ಕೇಳಿದೆ. ಅವಳು ಮಾತಾಡುತ್ತಿರುವಾಗ ನಾನು ಕೇಳಿದ ಒಂದೇ ಪ್ರಶ್ನೆ ಅದು.

“ಇನ್ನ ಮ್ಯಾಲ ನನ್ನ ಸಹಿ ಇರೋ ಯಾವ ಪೆಟ್ಟಿಗಿ ಹೋದ್ರೂ ಬಿಚ್ಚಿ ನೋಡ್ತಾರಂತ ವೈನಿ. ಮೆಣಸಿನಕಾಯಿ ಇರ್ಲಿ, ಗಾಲಿ ಇರ್ಲಿ. ಪ್ರತಿ ಸಲಾನೂ. ಎಷ್ಟು ವರ್ಷ ಅಂತ ಕೇಳಿದೆ. ಅವರು ಹೇಳಲಿಲ್ಲ.”

ಮೆಣಸಿನಕಾಯಿಯ ಘಾಟಿಗೆ ನನಗೆ ಸೀನು ಬಂತು. ಅವಳು ಆ ಸದ್ದಿಗೂ ಬೆಚ್ಚಿದಳು. ಆಮೇಲೆ ಫೋನನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಉಳಿದ ಪೀಸುಗಳು ತುಂಡಾಗುವುದನ್ನು ಸಾಕ್ಷಿಯಾಗಿ ನಿಂತು ನೋಡಲು ಒಳಗೆ ಹೋದಳು.